ಯಾವುದು ಬೆರಳು

ಇದು ನನ್ನ ದೊಡ್ಡಮ್ಮನ ಮಗನಿಗೆ ಆದದ್ದು. ಬರಿಯ ಕೇಳಿದ ಮಾತಲ್ಲ. ಕೊನೆಯ ಭಾಗವನ್ನು ನಾನೇ ಕಂಡಿದ್ದೇನೆ.

ಅಣ್ಣ ಪಿಯಾನೋಗಳ ಶ್ರುತಿ ಕೂಡಿಸುವ ಕೆಲಸದವನು. ಆ ದಿನ ಮನೆಗೆ ಹೊರಡುವಾಗ ಕತ್ತಲಾಗಿತ್ತು. ಹಾಳುಬಾವಿಯ ತಿರುವಿಗೆ ಬಂದಾಗ, ಪಿಯಾನೋ ಪಾಠ ಹೇಳುತ್ತಿದ್ದ ಟೀಚರಮ್ಮನ ಮನೆಯಿಂದ ಒಂದೇ ಸ್ವರ ಕೇಳಿಸಿತು. ಟಂ... ಬಹಳ ಹೊತ್ತು ಬಿಟ್ಟು ಮತ್ತೆ... ಟಂ.

ಟೀಚರಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು.

ಅವರಿಗೂ ಅಣ್ಣನಿಗೂ ಹಳೆಯ ಜಗಳ. ಒಂದೇ ಕೀ ಒತ್ತಿದರೂ ಬೆರಳಿನಿಂದ ಬೆರಳಿಗೆ ನಾದವೇ ಬೇರೆ ಎಂದು ಅವರು. ಒಳಗಿನ ಸುತ್ತಿಗೆ ತಂತಿಗೆ ತಾಗುವ ಮೊದಲೇ ಬೆರಳಿನ ಹಿಡಿತ ತಪ್ಪಿರುತ್ತದೆ, ಜೋರು, ಮೆಲ್ಲಗೆ ಎಂಬುದು ಬಿಟ್ಟರೆ ನಾದದಲ್ಲಿ ಬೇರೆ ವ್ಯತ್ಯಾಸವೇ ಇಲ್ಲ ಎಂದು ಇವನು. ಒಮ್ಮೆ ಪಾಠದ ಮಕ್ಕಳೆದುರಿಗೇ ಅವರನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದ. ಒಂದೇ ಕೀಯನ್ನು ಅವರ ಮಗಳ ಬೆರಳಿನಿಂದ ಒಮ್ಮೆ, ಕೊಡೆಯ ತುದಿಯಿಂದ ಒಮ್ಮೆ ಒತ್ತಿಸಿದ. “ಯಾವುದು ಬೆರಳು, ಹೇಳಿ.” ಟೀಚರಮ್ಮ ಕೊಡೆಯನ್ನೇ ಮಗಳೆಂದರು. ಮಕ್ಕಳು ನಕ್ಕರು. ಹಾಗಾದರೆ ಕೊಡೆಯೇ ವಾಸಿ, ಮಳೆಗೂ ಆಗುತ್ತದೆ ಎಂದನಂತೆ ಅಣ್ಣ. ವಯಸ್ಸಿನಿಂದ ಅವರ ಕಿವಿ ಮಂದವಾದದ್ದು ಅವನಿಗೆ ಗೊತ್ತಿತ್ತು. ಅಂದು ಮುಚ್ಚಿದ ಪಿಯಾನೋವನ್ನು ಅವರು ಸಾಯುವವರೆಗೂ ತೆರೆಯಲಿಲ್ಲ.

ಆ ರಾತ್ರಿ ಸ್ವರ ಕೇಳಿ ಅಣ್ಣ ಹತ್ತಿರ ಹೋದಾಗ ಟೀಚರಮ್ಮನ ಮಗಳು ಬಾಗಿಲಲ್ಲೇ ನಿಂತಿದ್ದಳು.

“ನಿಮಗೂ ಕೇಳಿಸಿತಾ ಅಣ್ಣಾ?” ಪಿಸುಮಾತು.

ದಿನವೂ ಕತ್ತಲಾದೊಡನೆ ಹೀಗೇ, ಕಣ್ಣಿಗೆ ನಿದ್ದೆ ಹತ್ತಿಲ್ಲ ಎಂದಳು. ಇಲಿಯಿರಬೇಕು ಎಂದು ಅಣ್ಣ ಒಳಗೆ ಹೋಗಿ ಪಿಯಾನೋದ ತಿರುಪು ಬಿಚ್ಚಿದ. ಕೀಗಳನ್ನೂ ಸುತ್ತಿಗೆಗಳನ್ನೂ ಮೇಜಿನ ಡ್ರಾಯರಿನಂತೆ ಒಟ್ಟಿಗೆ ಹೊರಗೆಳೆದು ನೆಲದ ಮೇಲಿಟ್ಟ. ಒಳಗೆ ಉಳಿದದ್ದು ಬರಿಯ ತಂತಿ. ಹೊಡೆಯಲು ಏನೂ ಇಲ್ಲ.

ಟಂ...

ಮತ್ತೆ... ಟಂ.

ಅದೇ ಸ್ವರ, ಅಷ್ಟೇ ಜೋರು. ಆದರೆ ಮೊದಲನೆಯದು ಮರಕ್ಕೆ ಮರ ತಾಗಿದಂತಿತ್ತು. ಎರಡನೆಯದು... ಮಲಗಿದ ಮಗುವಿನ ಬೆನ್ನಿನ ಮೇಲೆ ಅಂಗೈ ಇಟ್ಟಂತೆ. ಅಣ್ಣನಿಗೆ ಸ್ಪಷ್ಟವಾಗಿ ತಿಳಿಯಿತು.

ಬೆನ್ನ ಹಿಂದೆ, ಉಸಿರಿನಷ್ಟೇ ಸದ್ದು: “ಯಾವುದು ಬೆರಳು?”

ಮಗಳು ಅವನ ಎದುರಿಗಿದ್ದಳು. ಅವಳ ತುಟಿ ಅಲುಗಿರಲಿಲ್ಲ. ಆಮೇಲೆ ಅಲುಗಿತು.

“ಅಮ್ಮ ಕೊನೆಯವರೆಗೂ ನಿಮ್ಮ ಒಂದು ಮಾತಿಗೆ ಕಾದಳು. ಗೊತ್ತಾಗಿದ್ದರೆ ಹೇಳಿಬಿಡಿ. ಅವಳು ಹೋಗಲಿ.”

ಒಂದು ಮಾತು... ಇಪ್ಪತ್ತು ವರ್ಷ ಕಂಡಕಂಡವರ ಮುಂದೆ ಸಾಧಿಸಿದ್ದನ್ನು ನುಂಗಿಕೊಳ್ಳಬೇಕಿತ್ತು, ಅಷ್ಟೆ.

“ಎರಡೂ ಒಂದೇ,” ಎಂದ ಅಣ್ಣ.

ಮತ್ತೆ ಸದ್ದಾಗಲಿಲ್ಲ.

ಬೆಳಗ್ಗೆ ಅವನು ನನ್ನನ್ನು ಅಲ್ಲಿಗೆ ಕರೆದೊಯ್ದ. ಅಂಗಿಯ ಗುಂಡಿಗಳನ್ನು ಅತ್ತಿಗೆ ಹಾಕಿಕೊಟ್ಟಿದ್ದರು. ಅವನ ಹತ್ತು ಬೆರಳಿಗೂ ಏನನ್ನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಇಂದಿಗೂ ತಿಳಿಯುವುದಿಲ್ಲ, ಕೆಲಸ ಬಿಟ್ಟಿದ್ದಾನೆ. ನೆಲದ ಮೇಲಿದ್ದ ಕೀಗಳನ್ನು ತೋರಿಸಿ, ನೀನು ಮುಟ್ಟಿ ನೋಡು ಎಂದ. ಒಂದೊಂದಾಗಿ ಮುಟ್ಟುತ್ತಾ ಹೋದೆ. ಎಲ್ಲವೂ ಕಲ್ಲಿನಂತೆ ತಣ್ಣಗಿದ್ದವು. ನಡುವಿನದೊಂದು ಬೆಚ್ಚಗಿತ್ತು. ಸುಳ್ಳು ಬರೆದು ನನಗೆ ಆಗಬೇಕಾದದ್ದೇನೂ ಇಲ್ಲ. ಯಾರೋ ಆಗತಾನೇ ಕೈ ತೆಗೆದಂತೆ, ಬೆಚ್ಚಗಿತ್ತು.