ಅಕ್ಕನಿಗೆ ಸಿಗದ ಅಂಗಿ

ದೀಪ ಆರಿಸಬೇಡಿ. ನಾನು ಹೇಳಿ ಮುಗಿಸುವವರೆಗೆ ಇರಲಿ. ಇದು ಆದದ್ದು ನನ್ನ ಚಿಕ್ಕಮ್ಮನ ಮಗಳು ಮರಿಯೋಟಳಿಗೆ. ನಾವಿಬ್ಬರೂ ಕೋಟೆಯಲ್ಲಿ ಬಟ್ಟೆ ಒಗೆಯುವವರು.

ಡನ್‌ಫರ್ಮ್‌ಲಿನ್ ಮಠದಲ್ಲಿ ಸಂತ ಮಾರ್ಗರೆಟ್ ರಾಣಿಯ ಒಳಂಗಿ ಇದೆಯಲ್ಲ… ನಮ್ಮ ರಾಣಿಯರಿಗೆ ಹೆರಿಗೆ ನೋವು ಶುರುವಾದರೆ ಅದನ್ನೇ ತರಿಸಿ ತೊಡಿಸುತ್ತಾರೆ, ತೊಟ್ಟವಳಿಗೆ ಹೆರಿಗೆ ಸುಸೂತ್ರ ಆಗುತ್ತದೆ ಅಂತ. ಹೆಂಗಸೇ ಹೋಗಿ ತರಬೇಕು. ಮೂರು ವರ್ಷದ ಹಿಂದೆ ದೊಡ್ಡ ರಾಣಿಗೆ ನೋವು ಬಂದಾಗ ಹೋದವಳು ಮರಿಯೋಟ. ವಾಪಸು ಬರುವಾಗ ಗಿರಣಿಯವನ ಮನೆಯಲ್ಲಿ ಕಾಲು ಕಾಯಿಸಿಕೊಳ್ಳಲು ಕೂತಳು… ನಿದ್ದೆ ಹೋದಳು. ಅಂಗಿ ಬರುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ. ಎಲ್ಲರೂ ಹಿಮವನ್ನು ಬೈದರು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವಳ ಮೇಲೆ ನನಗೆ ಈಗಲೂ ಸಿಟ್ಟಿದೆ.

ಆಮೇಲೆ ರಾಜ ಸತ್ತವಳ ತಂಗಿಯನ್ನೇ ಕಡಲಾಚೆಯಿಂದ ಮದುವೆಯಾಗಿ ತಂದ. ಹೆಂಡತಿಯ ತಂಗಿಯನ್ನು ಕಟ್ಟಿಕೊಳ್ಳಲು ಚರ್ಚು ಬಿಡುವುದಿಲ್ಲ; ದೊಡ್ಡವರಿಗಾದರೆ ರೋಮಿನಿಂದ ಪೋಪರ ಅಪ್ಪಣೆ ಬರುತ್ತದೆ. ನಮ್ಮಂಥವರು ಹಾಗೆ ಮಾಡಿದ್ದರೆ ಪಾದ್ರಿ ಚರ್ಚಿನ ಮೆಟ್ಟಿಲೂ ಹತ್ತಿಸುತ್ತಿರಲಿಲ್ಲ. ಇರಲಿ. ಹೋದ ಚಳಿಗಾಲ ಆ ಹುಡುಗಿಗೂ ನೋವು ಬಂತು. ಸೂಲಗಿತ್ತಿ ಬೆಥಕ್ ಹೊರಗೆ ಬಂದು, "ಕೂಸು ಅಡ್ಡ ಬಿದ್ದಿದೆ, ಬೇಗ ಅಂಗಿ ತರ್ಸಿ," ಅಂದಳು.

"ನಾನೇ ಹೋಗ್ತೀನಿ," ಅಂದಳು ಮರಿಯೋಟ.

"ನೀನಾ? ಮತ್ತೆ ಗೊರಕೆ ಹೊಡಿಯೋಕಾ?" ಅಂತ ಅವಳ ಕಿವಿಯಲ್ಲಿ ಅಂದೆ.

"ಈ ಸಲ ಕೂತ್ರೆ ನನ್ನ ಕಾಲು ಮುರೀಲಿ ಕಣೇ."

ಮಠದ ಸನ್ಯಾಸಿ ಅಂಗಿಯನ್ನು ಮೇಣಬಟ್ಟೆಯಲ್ಲಿ ಸುತ್ತಿ, ಗಂಟಿನ ಮೇಲೆ ಮುದ್ರೆ ಒತ್ತಿ ಕೊಟ್ಟ. ಅಷ್ಟರಲ್ಲಿ ಕತ್ತಲಾಗಿತ್ತು. ಗಿರಣಿಯವನ ಕಿಟಕಿಯಲ್ಲಿ ಬೆಂಕಿ ಕಾಣಿಸಿತು. ಮರಿಯೋಟ ನಿಲ್ಲಲಿಲ್ಲ.

ಗಿರಣಿ ದಾಟಿದರೆ ಬಾವಿ. ಅವಳ ಬೂಟು ಗಟ್ಟಿ ಹಿಮದ ಮೇಲೆ ಚರಕ್… ಚರಕ್… ಅನ್ನುತ್ತಿತ್ತು. ಹಿಂದೆ ಇನ್ನೊಂದು ಸದ್ದು. ಪಚ್… ಪಚ್… ಒದ್ದೆ ಬರಿಗಾಲಿನದು. ಅವಳು ನಿಂತಳು. ಅದೂ ನಿಂತಿತು.

"ಇವತ್ತಾದ್ರೂ ತಂದ್ಯಾ?"

ಪಿಸುಮಾತು. ಕಡಲಾಚೆಯವರ ಆ ಎಳೆದೆಳೆದು ಆಡುವ ಮಾತು. ಯಾರ ದನಿ ಅಂತ ಮರಿಯೋಟಳಿಗೆ ತಕ್ಷಣ ಗೊತ್ತಾಯಿತು. ತಿರುಗಿ ನೋಡಲಿಲ್ಲ.

"ಕೊಡು… ಹಾಕ್ಕೋತೀನಿ."

ಗಂಟನ್ನು ಯಾರೋ ಎಳೆದರು. ಮರಿಯೋಟ ಅದನ್ನು ಎದೆಗೆ ಅವಚಿಕೊಂಡಳು.

"ತಪ್ಪು ನಂದೇ ಅಮ್ಮಾವ್ರೆ. ಅವತ್ತು ಮಲಗಿಬಿಟ್ಟೆ. ಬೇಕಾದ್ರೆ ನನ್ನ ಕರ್ಕೊಂಡು ಹೋಗಿ. ಇದನ್ನ ಮಾತ್ರ ಕೇಳ್ಬೇಡಿ… ಅಲ್ಲಿ ನರಳ್ತಿರೋದು ನಿಮ್ಮ ತಂಗಿ."

ಗಾಳಿಯಿಲ್ಲದೆ ಬಾವಿಯ ರಾಟೆ ಒಮ್ಮೆ ಕಿರ್ರ್… ಅಂದಿತು.

"ಯಾರು… ಚಿಕ್ಕೋಳಾ?"

"ಹೂಂ."

ಗಂಟಿನ ಮೇಲಿನ ಹಿಡಿತ ಸಡಿಲವಾಯಿತು. "ಹಾಗಿದ್ರೆ ಓಡು."

ಓಡಿದಳು. ಪಚ್ ಪಚ್ ಪಚ್… ಕೋಟೆಯ ಬಾಗಿಲವರೆಗೂ ಬೆನ್ನಿಗೇ ಬಂತಂತೆ.

ಇಲ್ಲಿಂದ ಮುಂದಿನದು ನಾನೇ ಕಂಡದ್ದು. ಮುದ್ರೆಯ ಮೇಲೆ ಒಂದು ಗೀರೂ ಇರಲಿಲ್ಲ. ಬೆಥಕ್ ಅದನ್ನು ನನ್ನೆದುರೇ ಒಡೆದಳು. ಅಂಗಿ ಬೆಚ್ಚಗಿತ್ತು, ಯಾರೋ ಆಗಷ್ಟೇ ಮೈಯಿಂದ ಬಿಚ್ಚಿಕೊಟ್ಟ ಹಾಗೆ. ನಾನು ಅದನ್ನು ಬಿಡಿಸಿ ಹಿಡಿದೆ. ಬೆಥಕ್ ನನ್ನ ಮುಖ ನೋಡಿದಳು… ಒಳಗೆ ಒಯ್ದು ರಾಣಿಗೆ ತೊಡಿಸಿದಳು. ಬೆಳಗಿನ ಜಾವಕ್ಕೆ ಹೆಣ್ಣು ಕೂಸು ಅತ್ತಿತು. ತಾಯಿಯೂ ಉಳಿದಳು.

ಅಂಗಿ ನನ್ನ ಕೈಯಲ್ಲಿದ್ದಾಗ ಎರಡು ಕಡೆ ಒದ್ದೆಯಾಗಿತ್ತು. ಎದೆಯ ಮೇಲೆ, ಎರಡೇ ಕಡೆ. ಹಿಮ ಕರಗಿ ಇಳಿದಿರಬೇಕು ಅಂದಳು ಮರಿಯೋಟ. ನೀವೂ ಹಾಗೇ ಅನ್ನಿ, ಬೇಡ ಅನ್ನುವುದಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಬಾಣಂತಿಯರ ಬಟ್ಟೆ ಒಗೆದ ಕೈ ಇದು. ನಾನು ಮೂಗಿಗೆ ಹಿಡಿದು ನೋಡಿದ್ದೇನೆ. ಅದು ಹಾಲು.