ಮೂರು ಫ್ಯಾನಿನ ಕಾರ್ಡು

ಕಂಪ್ಯೂಟರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಸಾವಿರ ಜನರಿದ್ದರು; ಹೋಗಲಿ, ಏಳು ಜನ. ಅವರಲ್ಲಿ ತೊಟ್ಟಿಲಿನಷ್ಟು ದೊಡ್ಡ ಡಬ್ಬ ಹಿಡಿದು ನಿಂತಿದ್ದವರು ಒಬ್ಬ ಭಾವ, ಪಕ್ಕದಲ್ಲಿದ್ದವನು ಅವರ ಹೆಂಡತಿಯ ತಮ್ಮ. ಇರುವೆ ಕೆಮ್ಮಿದರೂ ಕೇಳುವ ಕಿವಿ ನನ್ನದು, ಒಂದಕ್ಷರವೂ ತಪ್ಪಲಿಲ್ಲ.

“ಇದನ್ನ ವಾಪಸ್ ಮಾಡೋಕೆ ಯಾಕೋ ನನ್ನ ಎಳ್ಕೊಂಡು ಬಂದೆ? ಇದರ ಮುಂದೆ ಹಳೇ ಗ್ರಾಫಿಕ್ಸ್ ಕಾರ್ಡು ಯಾವ ಲೆಕ್ಕ? ಮೂರು ಫ್ಯಾನ್ ಇದೆ ಕಣೋ!”

“ಆಟ ಆಡೋಕೆ ಇದು ರಾಜ, ಭಾವ. ಆದ್ರೆ ನಿಮ್ಮ ಮಗಳು ಕಾರ್ಟೂನ್ ಸಿನಿಮಾ ಮಾಡೋ ಸಾಫ್ಟ್‌ವೇರು ಈ ಕಂಪನಿ ಕಾರ್ಡನ್ನ ಮೂಸಿಯೂ ನೋಡಲ್ಲ.”

“ಅಂಗಡಿಯವನು ಹೊಸ ಕಂಪನಿ, ವೇಗ ಜಾಸ್ತಿ ಅಂದ. ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆ.”

“ಅವಳನ್ನ ಒಂದು ಮಾತು ಕೇಳಬೇಕಿತ್ತು.”

“ಅವಳೇ ‘ಸೂಪರ್ ಅಪ್ಪಾ’ ಅಂದಳಲ್ಲೋ!”

“ನಿಮ್ಮ ಮುಖ ನೋಡಿ ಅಂದಳು. ಹದಿನೈದು ದಿನದಿಂದ ಗೆಳತಿ ಮನೆ ಕಂಪ್ಯೂಟರಲ್ಲಿ ಕೆಲಸ ಮಾಡ್ತಿದ್ದಾಳೆ. ಸೋಮವಾರ ಕಾಲೇಜಿಗೆ ಸಿನಿಮಾ ಒಪ್ಪಿಸಬೇಕು.”

“ಓದೋಕೆ ಹೋಗ್ತೀನಿ ಅಂತಿದ್ದಳು...”

“ಹ್ಞೂಂ.”

“ಹಳೇದು ವಾಪಸ್ ಕೊಡ್ತಾರಾ?”

“ಅವತ್ತೇ ಮಾರಿದ್ರಂತೆ. ಅದೇ ಕಂಪನಿದು ಬೇರೆ ಬರೋಕೆ ಒಂದು ವಾರ.”

ಭಾವ ಡಬ್ಬವನ್ನು ಭಾಮೈದನ ಕೈಗಿಟ್ಟರು.

“ಅಂಗಡಿಯವನ ಹತ್ರ ನೀನೇ ಮಾತಾಡು. ಆ ಗೆಳತಿ ಮನೆ ಎಲ್ಲಿ, ಹೇಳು.”

“ಈ ಅಂಗಡಿ ಹಿಂದಿನ ಬೀದಿ, ಹಸಿರು ಗೇಟು. ಬೈಯೋಕಾ ಭಾವ?”

“ಬೈಯೋಕೆ ನನಗೆಲ್ಲಿದೆ ಮುಖ? ಸಂಜೆ ಬಸ್ಸಿಗೆ ಕಾಯೋದು ತಪ್ಪಲಿ. ‘ಈ ಕಡೆ ಏನೋ ಕೆಲಸ ಇತ್ತು, ಕರ್ಕೊಂಡು ಹೋಗೋಣ ಅಂತ ಬಂದೆ’ ಅಂತೀನಿ. ನನಗೆ ಗೊತ್ತಾಯ್ತು ಅಂತ ನೀನು ಬಾಯಿ ಬಿಡಬೇಡ.”

ಇಷ್ಟು ಹೇಳಿ ಅವರು ಸಾಲು ಬಿಟ್ಟು ಹೊರಟರು.