ಚೂರು ಮಾಡೋದು ನಿಂತರೆ

...ಇಲ್ಲ ಅಕ್ಕ, ಅವಸರ ಏನಿಲ್ಲ! ಆ ಪ್ಯಾಂಟು ಮುಗಿಸು, ಆಮೇಲೆ ನನ್ನ ಕೋಟಿನ ಗುಂಡಿ ಹಾಕಿಕೊಡು. ನಿನ್ನ ಅಂಗಡೀಲಿ ಈ ಹೊಲಿಗೆ ಮಿಷನ್ ಸದ್ದು ಕೇಳ್ತಾ ಕೂತ್ರೆ... ಆಹಾ! ಏನು, ಥೀಸಿಸ್ ವೈವಾನಾ? ಅದು... ಇವತ್ತೇ. ಇದೆ, ಇದೆ. ಎಲ್ಲಾ ತಯಾರಾಗಿದೆ. ನಂಬಿಕೆ ಇಲ್ವಾ? ನಿನಗೇ ಹೇಳಿ ತೋರಿಸ್ತೀನಿ, ಕೇಳು.

ನಮ್ಮ ಕರುಳಲ್ಲಿ ಬ್ಯಾಕ್ಟೀರಿಯಾ ಇರತ್ತಲ್ಲ... ಅಯ್ಯೋ, ಮೂಗು ಯಾಕೆ ಮುಚ್ಕೋತೀಯ? ನಿನ್ನ ಕರುಳಲ್ಲೂ ಇದೆ! ಅದಕ್ಕೂ ಕಷ್ಟ ಬರತ್ತೆ ಅಕ್ಕ. ಹೊಟ್ಟೆಗಿಲ್ಲ, ಉಪ್ಪು ಜಾಸ್ತಿ, ಹುಳಿ ಜಾಸ್ತಿ. ಆಗ ಒಳಗೆ ಮಲಗಿರೋ ಕಷ್ಟಕಾಲದ ಜೀನ್‌ಗಳು ನೂರಾರು ಎದ್ದು ಕೂರಬೇಕು. ಎಬ್ಬಿಸೋಕೆ ಒಂದು ಪ್ರೋಟೀನ್ ಇದೆ, ಮೇಸ್ತ್ರಿ ಅಂತಿಟ್ಕೋ. ತಮಾಷೆ ಕೇಳು, ಸುಖವಾಗಿದ್ದಾಗಲೂ ಆ ಮೇಸ್ತ್ರಿಯನ್ನ ತಯಾರು ಮಾಡ್ತಾನೇ ಇರತ್ತೆ! ಮಾಡೋದು, ಚೂರುಚೂರು ಮಾಡೋದು. ಮತ್ತೆ ಮಾಡೋದು, ಮತ್ತೆ ಚೂರು! ಯಾಕೆ ನಗ್ತೀಯ? ನಾನು ಹೊಲಿಗೆ ಕಲಿಯೋಕೆ ಬಂದಾಗ ಹಾಗೇ ಮಾಡಿದ್ನಾ? ಅದು ಬಿಡು!

ಹುಚ್ಚಲ್ಲ ಅಕ್ಕ ಅದು. ಕಷ್ಟ ತಲೆ ಮೇಲೆ ಬಿದ್ದಮೇಲೆ ಮೊದಲಿಂದ ತಯಾರು ಮಾಡ್ತಾ ಕೂತ್ರೆ ಸತ್ತೇ ಹೋಗತ್ತೆ. ಚೂರು ಮಾಡೋದು ನಿಲ್ಲಿಸಿದ್ರೆ ಆಯ್ತು! ಮೇಸ್ತ್ರಿಗಳು ಗುಂಪುಗೂಡಿ ಆ ಜೀನ್‌ಗಳನ್ನ ಎಬ್ಬಿಸ್ತಾರೆ, ಬ್ಯಾಕ್ಟೀರಿಯಾ ಬೆಳೆಯೋದು ಬಂದ್, ಮೈ ಗಟ್ಟಿ! ಮೇಸ್ತ್ರಿಯನ್ನ ಹಿಡ್ಕೊಂಡು ಹೋಗಿ ಚೂರು ಮಾಡೋನಿಗೆ ಒಪ್ಪಿಸೋ ದಳ್ಳಾಳಿ ಒಬ್ಬ ಇದ್ದಾನೆ. ಕಷ್ಟ ಬಂದಾಗ ಆ ದಳ್ಳಾಳಿ ಕೈ ಕಟ್ಟಿಹಾಕೋದು ಯಾರು? ಒಂದು ಪುಟ್ಟ ಪ್ರೋಟೀನು. ಅದನ್ನ ಕಂಡುಹಿಡಿದೋನು ನಿನ್ನ ತಮ್ಮ!

ಹೇಗೆ? ಅರ್ಥ ಆಯ್ತಲ್ಲ? ಎಲ್ಲಾದ್ರೂ ತೊದಲಿದ್ನಾ? ಒಂದು ಸಲಾನೂ ಇಲ್ಲ!

...ಏನು ನೋಡ್ತಿದೀಯ? ಗುಂಡಿನಾ? ಹಾಂ... ಎಲ್ಲಾ ಇವೆ. ಒಂದು ಸಡಿಲ ಆಗಿತ್ತು ಅನ್ನಿಸ್ತು... ಇಲ್ಲ, ಗಟ್ಟಿಯಾಗೇ ಇದೆ. ಬೆವರಾ? ಬಿಸಿಲು ಅಕ್ಕ, ಬಿಸಿಲು.

ಸೂಜಿ ಯಾಕೆ ಕೆಳಗಿಟ್ಟೆ? ಬೈಯೋದಾದ್ರೆ ಬೈ. ವೈವಾಗೆ ಹೋಗಿದ್ದೆ ಅಕ್ಕ...

ಮೂರು ಜನ ಪರೀಕ್ಷಕರು ಕೂತಿದ್ರು. ದಪ್ಪ ಕನ್ನಡಕದವರು 'ಶುರು ಮಾಡಿ' ಅಂದ್ರು. ನಾಲಿಗೆ ಒಣಗಿಹೋಯ್ತು. 'ನೀರು ಕುಡಿದು ಬರ್ತೀನಿ' ಅಂದೆ. ಕುಡಿದೆ. ಬಂದೆ... ಇಲ್ಲಿಗೆ.

ಇನ್ನೂ ಕಾಯ್ತಿರ್ತಾರಾ? ನಮ್ಮ ಗೈಡ್ ಒಂದೇ ಸಮ ಫೋನ್ ಮಾಡ್ತಿದಾರೆ... ಏಯ್, ಶಟರ್ ಯಾಕೆ ಎಳೀತಿದೀಯ? ಗಿರಾಕಿ ಬರೋ ಹೊತ್ತು! ತೋಳು ಬಿಡೇ, ರಸ್ತೇಲಿ ಜನ ನೋಡ್ತಾರೆ! ಏನು? ನೀನೂ ಬರ್ತೀಯಾ? ಒಳಗೆ? ಮೊದಲನೇ ಸಾಲಲ್ಲೇ ಕೂರ್ತೀಯಾ?

...ಹಾಗಾದ್ರೆ ನಿನ್ನ ಮುಖ ನೋಡ್ಕೊಂಡೇ ಹೇಳಿಬಿಡ್ತೀನಿ. ಸ್ವಲ್ಪ ಬೇಗ ಹೆಜ್ಜೆ ಹಾಕು ಅಕ್ಕ, ಎದ್ದುಹೋಗಿಬಿಟ್ಟಾರು!